ಎಲೆಯಡಿಕೆಯ ಸಂಚಿಯೊಳಗೆ ಹೊಗೆಸೊಪ್ಪು
(ವಿಜಾಪುರದ ದರಬಾರಿನಿಂದ ಕೌಲ್ ಬಜಾರದವರೆಗೆ ಒಂದು ಐತಿಹಾಸಿಕ ಅವಲೋಕನ)

ಬಾಯಿ ಅನ್ನದ ಹೆಬ್ಬಾಗಿಲು, ನುಡಿಯ ನೆಲೆ. ಪ್ರಸಾದ ಸ್ವೀಕರಿಸುವುದೂ ಇದರಿಂದಲೇ, ಮಕ್ಕಳಿಗೆ ಬುದ್ಧಿ ಹೇಳುವುದೂ ಇದರಿಂದಲೇ. ಇಂಥ ಬಾಗಿಲಿಗೆ ಸುಮಾರು ನಾಲ್ಕು ನೂರು ವರ್ಷಗಳ ಹಿಂದೆ ಪರದೇಶದಿಂದ ಬಂದ ಒಬ್ಬ ಅತಿಥಿ ಇಂದಿಗೂ ಹೊರಟುಹೋಗಿಲ್ಲ. ಆ ಅತಿಥಿಯೇ ಹೊಗೆಸೊಪ್ಪು. ನಮ್ಮ ಹಿರಿಯರ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಎಂಬ ನಾಲ್ಕೂ ಒಡಹುಟ್ಟಿದವರಂತೆ ಕೂಡಿಯೇ ಇರುತ್ತಿದ್ದುದರಿಂದ, ಇದೂ ನಮ್ಮ ನಾಡಿನ ಪುರಾತನ ಪದ್ಧತಿಯೇ ಇರಬೇಕೆಂದು ಅನೇಕರು ಭಾವಿಸಿದ್ದಾರೆ. ಇತಿಹಾಸವನ್ನು ಪರಿಶೀಲಿಸಿದರೆ ಸಂಗತಿ ಬೇರೆಯಾಗಿಯೇ ಕಾಣುತ್ತದೆ. ಈ ಪದಾರ್ಥವು ಬಂದ ಬಗೆ ಯಾವುದು, ಅದು ಬಾಯಿಗೆ ಮಾಡಿದ ಕೇಡನ್ನು ವೈದ್ಯಲೋಕ ಅರಿಯಲು ಎಷ್ಟು ಕಾಲ ಹಿಡಿಯಿತು, ಆ ಅನುಭವದಿಂದ ಇಂದು ನಾವು ಕಲಿಯಬೇಕಾದುದೇನು ಎಂಬುದನ್ನು ಸದ್ಭಕ್ತ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ತಾಂಬೂಲದಲ್ಲಿ ಇಲ್ಲದ ವಸ್ತು

ಕ್ರಿ. ಶ. 1443ರಲ್ಲಿ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಇಮ್ಮಡಿ ದೇವರಾಯನ ಕಾಲದ ವಿಜಯನಗರಕ್ಕೆ ಬಂದನು. ಬಹುಕಾಲ ಬಳ್ಳಾರಿ ಜಿಲ್ಲೆಯಲ್ಲಿದ್ದು, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಇಂದಿನ ಹಂಪೆಯೇ ಆ ಮಹಾನಗರ. ಅಲ್ಲಿ ತಾನು ಕಂಡ ತಾಂಬೂಲದ ಪದ್ಧತಿಯನ್ನು ಆತನು ಬಹು ಕುತೂಹಲದಿಂದ ವರ್ಣಿಸಿದ್ದಾನೆ. ಅಡಿಕೆಯನ್ನು ಪುಡಿಮಾಡುವ ಬಗೆ, ಎಲೆಗೆ ಸುಣ್ಣ ಸವರುವ ಬಗೆ, ಮಡಿಸಿ ಬಾಯಿಗಿಡುವ ಬಗೆ ಎಲ್ಲವೂ ಅದರಲ್ಲಿವೆ. ಬಾಯಿಯ ದುರ್ವಾಸನೆಯನ್ನು ಅದು ಕಳೆಯುತ್ತದೆ, ಹಲ್ಲುಗಳನ್ನು ಗಟ್ಟಿಗೊಳಿಸುತ್ತದೆ ಎಂದೂ ಹೊಗಳಿದ್ದಾನೆ. ಆದರೆ ಹೊಗೆಸೊಪ್ಪಿನ ಹೆಸರು ಅಲ್ಲಿ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಆ ಗಿಡವು ಆಗ ಅಮೆರಿಕ ಖಂಡವನ್ನು ಬಿಟ್ಟು ಹೊರಗೆ ಬಂದಿರಲಿಲ್ಲ. ಕೊಲಂಬಸನು ಆ ಖಂಡವನ್ನು ಮುಟ್ಟಿದ್ದು 1492ರಲ್ಲಿ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಾಗಲಿ, ಹಂಪೆಯ ಅರಸರಾಗಲಿ ಹೊಗೆಸೊಪ್ಪನ್ನು ಕಣ್ಣಿನಿಂದಲೂ ಕಂಡವರಲ್ಲ. ಆದುದರಿಂದ ಇದಕ್ಕೆ ಸಂಪ್ರದಾಯದ ಗೌರವ ಸಲ್ಲತಕ್ಕದ್ದಲ್ಲ.

ಯೂರೋಪಿಗೆ ಬಂದ ಮೊದಲಲ್ಲಿ ಹೊಗೆಸೊಪ್ಪು ತೊಟ್ಟದ್ದು ಔಷಧದ ವೇಷವನ್ನು. ಸ್ಪೇನ್ ದೇಶದ ವೈದ್ಯ ಮೊನಾರ್ಡೆಸನು 1571ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಲ್ಲುನೋವು ಮೊದಲ್ಗೊಂಡು ಅನೇಕ ರೋಗಗಳಿಗೆ ಇದನ್ನು ಮದ್ದೆಂದು ಹೇಳಿದನು. ಹಲ್ಲನ್ನು ಹಾಳುಮಾಡುವ ವಸ್ತುವೇ ಹಲ್ಲಿನ ಔಷಧವೆಂದು ಲೋಕಕ್ಕೆ ಪರಿಚಯವಾಯಿತು. ನಶ್ಯದ ಪುಡಿಯಿಂದಲೂ ಸುಟ್ಟ ಹೊಗೆಸೊಪ್ಪಿನಿಂದಲೂ ಹಲ್ಲುಜ್ಜುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿರುವುದನ್ನು ನೋಡಿದರೆ, ಆ ಹಳೆಯ ಭ್ರಮೆ ಇನ್ನೂ ಅಳಿದಿಲ್ಲವೆಂದೇ ಹೇಳಬೇಕು.

ಅಕ್ಬರನ ಮುಂದೆ ನಡೆದ ವಾದ

ಗೋವೆಯಲ್ಲಿ ನೆಲೆಯೂರಿದ್ದ ಪೋರ್ತುಗೀಜರ ಮೂಲಕ ಹೊಗೆಸೊಪ್ಪು ಭಾರತಕ್ಕೆ ಬಂದಿತು. ಅದರ ಆರಂಭದ ಇತಿಹಾಸದಲ್ಲಿ ಕನ್ನಡ ನಾಡಿನ ಒಂದು ನಗರಕ್ಕೆ ಮುಖ್ಯ ಸ್ಥಾನವಿದೆಯೆಂಬುದು ಹೆಚ್ಚು ಜನರಿಗೆ ತಿಳಿಯದು. ಅದು ಅಂದಿನ ವಿಜಾಪುರ, ಇಂದಿನ ವಿಜಯಪುರ.

ಇಮ್ಮಡಿ ಇಬ್ರಾಹಿಂ ಆದಿಲಶಾಹನ ದರಬಾರಿಗೆ ಅಕ್ಬರನು ಅಸದ್ ಬೇಗನೆಂಬ ಅಧಿಕಾರಿಯನ್ನು ಕಳುಹಿಸಿದ್ದನು. ಆತನು ಅಲ್ಲಿ ಮೊದಲ ಬಾರಿಗೆ ಹೊಗೆಸೊಪ್ಪನ್ನು ಕಂಡನು. ಉತ್ತರ ಹಿಂದುಸ್ಥಾನದಲ್ಲಿ ತಾನು ಅಂಥದನ್ನು ನೋಡಿರಲಿಲ್ಲವೆಂದು ಬರೆದಿಟ್ಟಿದ್ದಾನೆ. 1604-05ರ ಸುಮಾರಿಗೆ ಆಗ್ರಾಕ್ಕೆ ಮರಳುವಾಗ ಸ್ವಲ್ಪವನ್ನು ಜೊತೆಗೆ ಒಯ್ದನು. ರತ್ನಖಚಿತವಾದ ಕೊಳವೆಯೊಂದನ್ನು ಸಿದ್ಧಪಡಿಸಿ, ಬೆಳ್ಳಿಯ ತಟ್ಟೆಯಲ್ಲಿಟ್ಟು ಚಕ್ರವರ್ತಿಗೆ ಅರ್ಪಿಸಿದನು. ಇಲ್ಲಿ ಒಂದು ಸಣ್ಣ ಸಂಗತಿ ಬಹು ಮಹತ್ತ್ವದ್ದು. ವಿಜಾಪುರದ ಅರಸನು ಆತನಿಗೆ ಸುಂದರವಾದ ಎಲೆಯಡಿಕೆಯ ಸಂಚಿಯೊಂದನ್ನು ಕೊಟ್ಟಿದ್ದನು. ಅಸದ್ ಬೇಗನು ಆ ಸಂಚಿಯಲ್ಲಿ ತುಂಬಿದ್ದು ಎಲೆಯಡಿಕೆಯನ್ನಲ್ಲ, ಹೊಗೆಸೊಪ್ಪನ್ನು! ನಮ್ಮ ನಾಡಿನ ಮರ್ಯಾದೆಯ ಸಂಚಿಯೊಳಗೆ ಈ ಪರಕೀಯ ಪದಾರ್ಥ ಸೇರಿಕೊಂಡದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇಕಿಲ್ಲ.

ಅಕ್ಬರನು ಕುತೂಹಲದಿಂದ ಒಂದೆರಡು ಸಲ ಸೇದಿದನು. ಆಸ್ಥಾನದ ವೈದ್ಯನು ಅಡ್ಡಿ ಬಂದನು. ಅವನ ವಾದ ಸರಳವಾಗಿತ್ತು: ಈ ವಸ್ತುವಿನ ಗುಣದೋಷಗಳನ್ನು ನಮ್ಮ ಗ್ರಂಥಗಳು ಹೇಳಿಲ್ಲ, ನಾವು ಪರೀಕ್ಷಿಸಿಯೂ ಇಲ್ಲ, ಪರೀಕ್ಷೆಯಿಲ್ಲದೆ ಪರದೇಶದವರ ರೂಢಿಯನ್ನು ಅನುಸರಿಸುವುದು ತರವಲ್ಲ. ಅಸದ್ ಬೇಗನು ಪ್ರತಿವಾದ ಹೂಡಿದನು: ಯೂರೋಪಿನವರು ಅಷ್ಟು ಮೂಢರಲ್ಲ, ಲೋಕದ ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು. ಚಕ್ರವರ್ತಿಗೆ ಈ ಜಾಣ ಮಾತು ಮೆಚ್ಚಿಗೆಯಾಯಿತು. ಆದರೂ ಆತನು ತಾನು ಹೊಗೆಯ ಅಭ್ಯಾಸಕ್ಕೆ ಬೀಳಲಿಲ್ಲ. ಸರದಾರರು ಬಿದ್ದರು, ವ್ಯಾಪಾರಿಗಳು ಮಾರತೊಡಗಿದರು, ಅಭ್ಯಾಸವು ವೇಗವಾಗಿ ಹಬ್ಬಿತು. 1617ರಲ್ಲಿ ಜಹಾಂಗೀರನು ನಿಷೇಧದ ಆಜ್ಞೆ ಹೊರಡಿಸಿದನಾದರೂ ಹೊತ್ತು ಮೀರಿತ್ತು. ಅತ್ತ ಇಂಗ್ಲೆಂಡಿನ ಒಂದನೆಯ ಜೇಮ್ಸ್ ದೊರೆಯು 1604ರಲ್ಲಿಯೇ ಹೊಗೆಸೊಪ್ಪನ್ನು ಖಂಡಿಸಿ ಪುಸ್ತಕ ಬರೆದಿದ್ದನು. ಅದೂ ನಿಷ್ಫಲವಾಯಿತು.

ಆ ಸಭೆಯಲ್ಲಿ ಗೆದ್ದವನು ಮಾತುಗಾರ, ಸೋತವನು ವೈದ್ಯ. ವೈದ್ಯನ ಮಾತು ನಿಜವೆಂದು ಸಿದ್ಧವಾಗಲು ಮೂರು ಶತಮಾನಗಳು ಬೇಕಾದವು.

ದಂಡಿನ ಪೇಟೆ

ವಿಜಯನಗರದ ಪತನಾನಂತರ ಬಳ್ಳಾರಿಯ ಹಂಡೆ ಪಾಳೆಯಗಾರರು ವಿಜಾಪುರಕ್ಕೆ ಕಪ್ಪ ಕೊಡುವವರಾದರು. ಹೀಗಾಗಿ ವಿಜಾಪುರದ ಪದ್ಧತಿಗಳು ಈ ಸೀಮೆಗೆ ಬರಲು ದಾರಿ ತೆರೆದೇ ಇದ್ದಿತು. ಕಾಲಾಂತರದಲ್ಲಿ ಚಿಲುಮೆ, ಗುಡಗುಡಿ, ಚುಟ್ಟಾಗಳು ನಾಡಿನಲ್ಲೆಲ್ಲ ರೂಢಿಯಾದವು. ಜಗಿಯುವವರು ತಾಂಬೂಲಕ್ಕೆ ಹೊಗೆಸೊಪ್ಪನ್ನು ಬೆರೆಸಿಕೊಂಡರು.

1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಬಳ್ಳಾರಿಯು ದೊಡ್ಡ ದಂಡಿನ ಠಾಣ್ಯವಾಯಿತು. ದಂಡಿನ ಆಶ್ರಯದಲ್ಲಿ ಬೆಳೆದ ಪೇಟೆಯೇ ಕೌಲ್ ಬಜಾರ್. ಕೌಲು ಎಂಬುದು ಅರಬ್ಬೀ ಮೂಲದ ಶಬ್ದ. ಕೊಟ್ಟ ಮಾತು, ಕರಾರು ಎಂದು ಅದರ ಅರ್ಥ. ಹೊಸದಾಗಿ ನೆಲೆಸಲು ಬಂದವರಿಗೂ ಉಳಲು ಬಂದವರಿಗೂ ಸರಕಾರವು ಬರೆದುಕೊಡುತ್ತಿದ್ದ ಅಭಯಪತ್ರಕ್ಕೆ ಈ ಹೆಸರಿತ್ತು.

ದಂಡು ಇದ್ದ ಊರಿಗೆ ದಂಡಿನ ಚಟಗಳು ಬರುವುದು ಸಹಜ. 1853ರಿಂದ 1856ರವರೆಗೆ ನಡೆದ ಕ್ರಿಮಿಯಾ ಯುದ್ಧದ ತರುವಾಯ ಬ್ರಿಟಿಷ್ ಸೈನಿಕರಲ್ಲಿ ಸಿಗರೇಟಿನ ಬಳಕೆ ಹೆಚ್ಚಿತು. ಅಮೆರಿಕದ ಬಾನ್ಸಾಕ್ ಎಂಬವನು ಸಿಗರೇಟು ಸುತ್ತುವ ಯಂತ್ರಕ್ಕೆ 1881ರಲ್ಲಿ ಹಕ್ಕುಪತ್ರ ಪಡೆದ ಮೇಲೆ ಅದು ಅಗ್ಗವಾಯಿತು. ಕಲಕತ್ತೆಯಲ್ಲಿ 1910ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಸ್ಥಾಪನೆಯಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಸಿಗರೇಟು ಸೈನಿಕರ ಪಡಿತರವೇ ಆಗಿಹೋಯಿತು. ಸಿಗರೇಟು ಕೊಳ್ಳಲಾರದ ದುಡಿಯುವ ಜನಕ್ಕೆ ಬೀಡಿ ದೊರೆಯಿತು. ಸೈನಿಕನ ಕೈಯಲ್ಲಿ ಅದು ಶೌರ್ಯದ ಗುರುತು, ಗುಮಾಸ್ತನ ಕೈಯಲ್ಲಿ ನಾಗರಿಕತೆಯ ಗುರುತು, ಕೂಲಿಕಾರನ ಕೈಯಲ್ಲಿ ಹಸಿವು ಮರೆಸುವ ಸಾಧನ. ವೇಷ ಮೂರಾದರೂ ಒಳಗಿನ ವಿಷ ಒಂದೇ.

ವೈದ್ಯರು ಬಾಯಿ ತೆರೆಸಿ ನೋಡಿದಾಗ

ಬಳ್ಳಾರಿಯು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಮದರಾಸು ಆಡಳಿತಕ್ಕೆ ಒಳಪಟ್ಟಿತ್ತು. ಅದೇ ಮದರಾಸಿನಲ್ಲಿ ಶಸ್ತ್ರವೈದ್ಯರಾಗಿದ್ದ ನಿಬ್ಲಾಕ್ ಎಂಬವರು 1902ರಲ್ಲಿಯೇ ಬಾಯಿಯ ಅರ್ಬುದಕ್ಕೂ ಜಗಿಯುವ ಅಭ್ಯಾಸಕ್ಕೂ ಇರುವ ಸಂಬಂಧವನ್ನು ಎತ್ತಿ ತೋರಿಸಿದರು. ತಿರುವಾಂಕೂರು ಸೀಮೆಯ ನೆಯ್ಯೂರಿನ ಮಿಷನ್ ಆಸ್ಪತ್ರೆಯ ವೈದ್ಯ ಆರ್ ಅವರು 1933ರಲ್ಲಿ ಇನ್ನೂ ಮುಂದೆ ಹೋದರು. ಹೊಗೆಸೊಪ್ಪು ಬೆರೆತ ತಾಂಬೂಲದ ಉಂಡೆಯನ್ನು ರೋಗಿಗಳು ಕೆನ್ನೆಯ ಯಾವ ಮೂಲೆಯಲ್ಲಿ ಇಟ್ಟುಕೊಳ್ಳುತ್ತಿದ್ದರೋ ಅದೇ ಮೂಲೆಯಲ್ಲಿ ಹುಣ್ಣು ಹುಟ್ಟುವುದನ್ನು ಅವರು ಗುರುತಿಸಿದರು.

ಮುಂಬಯಿಯಲ್ಲಿ ಖಾನೋಲ್ಕರ್ ಮತ್ತು ಅವರ ಸಂಗಡಿಗರು 1955ರಲ್ಲಿ ಪ್ರಕಟಿಸಿದ ಅಧ್ಯಯನವು, ಜಗಿಯುವವರಲ್ಲಿ ಕೆನ್ನೆ ವಸಡುಗಳಿರುವ ಬಾಯಿಯ ಭಾಗವೂ ಸೇದುವವರಲ್ಲಿ ಅದರ ಹಿಂದಿನ ಗಂಟಲಿನ ಭಾಗವೂ ಹೆಚ್ಚಾಗಿ ರೋಗಕ್ಕೆ ತುತ್ತಾಗುವುದನ್ನು ತೋರಿಸಿತು. 1960ರ ದಶಕದಲ್ಲಿ ಡೆನ್ಮಾರ್ಕ್ ದೇಶದ ದಂತವೈದ್ಯ ಪಿಂಡ್‌ಬೋರ್ಗ್ ಅವರು ಭಾರತೀಯ ವೈದ್ಯರೊಡಗೂಡಿ ಲಕ್ನೋ, ಬೆಂಗಳೂರು ಮುಂತಾದ ನಗರಗಳಲ್ಲಿ ಸಾವಿರಾರು ಜನರ ಬಾಯಿಗಳನ್ನು ಪರೀಕ್ಷಿಸಿದರು. ಕ್ಯಾನ್ಸರಿಗೆ ಮುಂಚೆ ಕಾಣಿಸಿಕೊಳ್ಳುವ ಬಿಳಿಯ ಮಚ್ಚೆಗಳ ಶಾಸ್ತ್ರ ಬೆಳೆದದ್ದು ಇಂಥ ಪರಿಶ್ರಮದಿಂದ. ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 1985ರಲ್ಲಿ ಹೊಗೆಸೊಪ್ಪು ಬೆರೆತ ತಾಂಬೂಲವನ್ನೂ, 1986ರಲ್ಲಿ ಧೂಮಪಾನವನ್ನೂ, 2004ರಲ್ಲಿ ಅಡಿಕೆಯನ್ನೂ ಮಾನವರಿಗೆ ಕ್ಯಾನ್ಸರ್ ತರುವ ವಸ್ತುಗಳೆಂದು ಘೋಷಿಸಿತು. ಅಡಿಕೆಯ ಬಗೆಗಿನ ಈ ಮಾತು ಅಡಿಕೆ ಬೆಳೆಯುವ ನಾಡಿನವರಾದ ನಮಗೆ ಕಹಿಯೇ ಸರಿ. ಆದರೂ ಕಹಿಯೆಂದು ಸತ್ಯವನ್ನು ಮರೆಮಾಚಬಾರದು.

ಬಾಯಿಯೊಳಗೆ ನಡೆಯುವುದೇನು?

ಮೊದಲು ವಸಡನ್ನು ನೋಡೋಣ. ಆರೋಗ್ಯವಂತನ ವಸಡಿಗೆ ಸೋಂಕು ತಗುಲಿದರೆ ಅದು ಕೆಂಪಾಗಿ ಊದಿಕೊಳ್ಳುತ್ತದೆ, ಹಲ್ಲುಜ್ಜುವಾಗ ರಕ್ತ ಬರುತ್ತದೆ. ಇದು ಶರೀರವು ಕೊಡುವ ಎಚ್ಚರಿಕೆ. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ವಸಡಿನ ಸಣ್ಣ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಆದುದರಿಂದ ಸೇದುವವನ ವಸಡಿನಲ್ಲಿ ರಕ್ತ ಕಡಿಮೆ ಕಾಣುತ್ತದೆ. ತನ್ನ ಬಾಯಿ ಚೆನ್ನಾಗಿದೆಯೆಂದು ಆತನು ನಂಬುತ್ತಾನೆ. ಒಳಗೆ ಹಲ್ಲನ್ನು ಹಿಡಿದಿರುವ ಎಲುಬು ಸದ್ದಿಲ್ಲದೆ ಕರಗುತ್ತಿರುತ್ತದೆ. ಹಲ್ಲು ಅಲುಗಾಡತೊಡಗಿದಾಗಲೇ ಅವನಿಗೆ ಅರಿವಾಗುವುದು. ಹಲ್ಲು ಕೀಳಿಸಿದ ಗಾಯವೂ ಸೇದುವವರಲ್ಲಿ ಬೇಗನೆ ಮಾಯುವುದಿಲ್ಲ. ಹಲ್ಲಿನ ಕರೆ, ಬಾಯಿಯ ದುರ್ವಾಸನೆ, ರುಚಿಯ ನಷ್ಟ ಇವು ಹೊರಗೆ ಕಾಣುವ ಚಿಹ್ನೆಗಳು ಮಾತ್ರ.

ಬೀಡಿಯು ಸಿಗರೇಟಿಗಿಂತ ಮೃದುವೆಂದು ಹಲವರ ನಂಬಿಕೆ. ಅದು ಸರಿಯಲ್ಲ. ಬೀಡಿಯ ಎಲೆ ಬೇಗ ಆರಿಹೋಗುವುದರಿಂದ ಸೇದುವವನು ಪದೇ ಪದೇ ಬಲವಾಗಿ ಎಳೆಯಬೇಕಾಗುತ್ತದೆ. ನಮ್ಮ ನೆರೆಯ ಆಂಧ್ರದ ಕರಾವಳಿಯಲ್ಲಿ ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ವಿಚಿತ್ರ ರೂಢಿ ಸ್ತ್ರೀಯರಲ್ಲಿ ಇದ್ದುದರಿಂದ ಅಲ್ಲಿ ಅಂಗುಳಿನ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದಿತು. ಹೊಗೆಯ ಶಾಖವೂ ವಿಷವೂ ಎಲ್ಲಿ ತಗುಲುವುದೋ ಅಲ್ಲಿಯೇ ರೋಗ.

ಇನ್ನು ಜಗಿಯುವವರ ಸಂಗತಿ. ಕಡ್ಡಿಪುಡಿ, ಜರದಾ, ಖೈನಿಗಳಿಗೆ ಬೆರೆಸುವ ಸುಣ್ಣವು ನಿಕೋಟಿನ್ ರಕ್ತಕ್ಕೆ ಬೇಗ ಸೇರುವಂತೆ ಮಾಡುತ್ತದೆ; ಜೊತೆಗೆ ಕೆನ್ನೆಯ ಮೆದು ಪದರವನ್ನು ಸುಡುತ್ತದೆ. ಹೊಗೆಸೊಪ್ಪಿನ ನೈಟ್ರೋಸಮೀನ್‌ಗಳೆಂಬ ರಾಸಾಯನಿಕಗಳು ಆ ಪದರದ ಜೀವಕೋಶಗಳನ್ನು ಕೆಡಿಸುತ್ತವೆ. ಮೊದಲು ಒರೆಸಿದರೂ ಹೋಗದ ಬಿಳಿಯ ಮಚ್ಚೆ, ಕೆಲವೊಮ್ಮೆ ಅದಕ್ಕಿಂತ ಅಪಾಯಕರವಾದ ಕೆಂಪು ಮಚ್ಚೆ, ಅನಂತರ ಮಾಯದ ಹುಣ್ಣು: ಇದು ರೋಗದ ಕ್ರಮ. ಈ ಕ್ರಮಕ್ಕೆ ಸಾಮಾನ್ಯವಾಗಿ ವರ್ಷಗಟ್ಟಲೆ ಕಾಲ ಹಿಡಿಯುತ್ತದೆ. ಹುಣ್ಣಾದರೂ ಮೊದಮೊದಲು ನೋವಿರುವುದಿಲ್ಲ. ನೋವಿಲ್ಲದ್ದರಿಂದಲೇ ಜನರು ತಡಮಾಡಿ ವೈದ್ಯರಲ್ಲಿಗೆ ಹೋಗುತ್ತಾರೆ. ಅಡಿಕೆಯಿಂದ ಬರುವ ಇನ್ನೊಂದು ಬೇನೆಯಲ್ಲಿ ಕೆನ್ನೆಯ ಒಳಭಾಗವು ನಾರಿನಂತೆ ಬಿಗಿದುಕೊಳ್ಳುತ್ತದೆ. ಖಾರ ತಾಳುವುದಿಲ್ಲ, ಬಾಯಿ ಪೂರ್ತಿ ತೆರೆಯುವುದಿಲ್ಲ. ಕೊನೆಗೆ ರೊಟ್ಟಿಯ ತುತ್ತು ಹೋಗುವುದೂ ಕಷ್ಟವಾಗುತ್ತದೆ. ಒಂದು ಬಾರಿ ಬಿಗಿದ ಕೆನ್ನೆ ಮೊದಲಿನಂತೆ ಆಗುವುದು ಬಹು ದುರ್ಲಭ.

ಚೀಟಿಯಲ್ಲಿ ಬಂದ ಕೇಡು

ಹಿಂದೆ ಈ ಬೇನೆ ಬಹುಮಟ್ಟಿಗೆ ನಡುವಯಸ್ಸು ದಾಟಿದವರ ಪಾಲಾಗಿತ್ತು. ಅಡಿಕೆ, ಸುಣ್ಣ, ಕಾಚು, ಹೊಗೆಸೊಪ್ಪು, ಸುಗಂಧಗಳನ್ನು ಬೆರೆಸಿ ಒಣಗಿಸಿದ ಗುಟ್ಕಾವು 1980ರ ದಶಕದಿಂದ ಸಣ್ಣ ಚೀಟಿಗಳಲ್ಲಿ ಹಬ್ಬಿತು. ಎಲೆಯಡಿಕೆಯನ್ನು ಹಿರಿಯರೆದುರು ಕಿರಿಯರು ಮೆಲ್ಲುವುದಕ್ಕೆ ಒಂದು ಸಂಕೋಚವಿತ್ತು. ಚೀಟಿಗೆ ಆ ಸಂಕೋಚ ಇಲ್ಲ. ಅದು ಜೇಬಿನಲ್ಲಿ ಅಡಗುತ್ತದೆ, ಕೈಕೆಲಸ ನಿಲ್ಲಿಸದೆ ಬಾಯಿಗೆ ಸುರಿದುಕೊಳ್ಳಲು ಬರುತ್ತದೆ. ಜೀನ್ಸ್ ಹೊಲಿಗೆಗೆ ಹೆಸರಾದ ಕೌಲ್ ಬಜಾರದಲ್ಲಿ ಯಂತ್ರದ ಮುಂದೆ ದಿನವಿಡೀ ಕುಳಿತವರಿಗೂ, ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ನಾಟಿ ಮಾಡುವವರಿಗೂ, ಕುರುಗೋಡಿನ ಸಂತೆಗೆ ಲಾರಿ ನಡೆಸಿಕೊಂಡು ಬರುವವರಿಗೂ ಇದು ಸುಲಭವಾಗಿ ಕೈಗೆ ಎಟುಕುವ ವಸ್ತು. ಹಸಿವನ್ನೂ ನಿದ್ದೆಯನ್ನೂ ಮುಂದೂಡುವ ನಿಕೋಟಿನ್‌ನ ಗುಣವೇ ದುಡಿಯುವವರನ್ನು ಹಿಡಿಯುವ ಬಲೆ.

ಕರ್ನಾಟಕ ಸರಕಾರವು 2013ರ ಮೇ ತಿಂಗಳಿನಲ್ಲಿ ಗುಟ್ಕಾವನ್ನು ನಿಷೇಧಿಸಿತು. ಕೂಡಲೇ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ಹೊಗೆಸೊಪ್ಪು ಇನ್ನೊಂದು ಚೀಟಿಯಲ್ಲಿ ಬಂದವು. ಕೊಳ್ಳುವವನು ತಾನೇ ಬೆರೆಸಿಕೊಳ್ಳತೊಡಗಿದನು. ಹಾಗೆಂದು ಕಾನೂನು ವ್ಯರ್ಥವಾಯಿತೆನ್ನಲಾಗದು. ನಮ್ಮ ರಾಜ್ಯದ ವಯಸ್ಕರಲ್ಲಿ ತಂಬಾಕು ಬಳಸುವವರು 2009-10ರ ಸಮೀಕ್ಷೆಯಲ್ಲಿ ನೂರಕ್ಕೆ 28.2 ಇದ್ದರೆ 2016-17ರಲ್ಲಿ 22.8ಕ್ಕೆ ಇಳಿದರು. ಆದರೂ ಅವರಲ್ಲಿ ಸೇದುವವರಿಗಿಂತ ಜಗಿಯುವವರೇ ಅಧಿಕ. ಇದನ್ನು ಹೇಳುವಾಗ ನಿಪ್ಪಾಣಿ, ಪಿರಿಯಾಪಟ್ಟಣ, ಹುಣಸೂರುಗಳ ಬೆಳೆಗಾರರನ್ನಾಗಲಿ, ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ತಾಯಂದಿರನ್ನಾಗಲಿ ದೂಷಿಸುವುದು ನ್ಯಾಯವಲ್ಲ. ಅವರಿಗೆ ಬೇರೊಂದು ಜೀವನೋಪಾಯವನ್ನು ಕಲ್ಪಿಸಬೇಕಾದುದು ಸಮಾಜದ ಹೊಣೆ.

ಹೊಸ ವೇಷ, ಹಳೆಯ ವಾದ

ಈಗ ಅತಿಥಿಯು ಇನ್ನೊಂದು ವೇಷ ತೊಟ್ಟಿದ್ದಾನೆ. ಚೀನ ದೇಶದ ಔಷಧತಜ್ಞ ಹಾನ್ ಲಿಕ್ ಎಂಬವರು 2003ರಲ್ಲಿ ರೂಪಿಸಿದ ಇ-ಸಿಗರೇಟಿನಲ್ಲಿ ಬೆಂಕಿಯಿಲ್ಲ, ಬೂದಿಯಿಲ್ಲ. ನಿಕೋಟಿನ್ ಬೆರೆತ ದ್ರವವನ್ನು ಬ್ಯಾಟರಿಯು ಕಾಯಿಸುತ್ತದೆ. ಹಣ್ಣಿನ ಪರಿಮಳದ ಆವಿಯನ್ನು ಎಳೆದುಕೊಳ್ಳುತ್ತಾರೆ. ಇದಕ್ಕೆ ವೇಪಿಂಗ್ ಎಂದು ಹೆಸರು. ಹೊಗೆಯಲ್ಲ, ಬರಿಯ ಆವಿ, ಆದ್ದರಿಂದ ನಿರಪಾಯ ಎಂಬುದು ಇದನ್ನು ಮಾರುವವರ ವಾದ.

ಹೊಗೆಯಲ್ಲಿರುವ ಟಾರಿನಂಥ ಅನೇಕ ವಿಷಗಳು ಇದರಲ್ಲಿ ಕಡಿಮೆಯೆಂಬುದು ದಿಟ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ವಸಡಿನ ರಕ್ತನಾಳಗಳನ್ನು ಬಿಗಿಯುವ ನಿಕೋಟಿನ್ ಇಲ್ಲಿಯೂ ಇದೆ. ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ತೇವವನ್ನು ಹೀರಿ ಬಾಯಿಯನ್ನು ಒಣಗಿಸುತ್ತದೆ; ಜೊಲ್ಲಿನ ರಕ್ಷಣೆ ಕುಗ್ಗಿದ ಬಾಯಲ್ಲಿ ಹುಳುಕೂ ವಸಡಿನ ಉರಿಯೂತವೂ ಹೆಚ್ಚುತ್ತವೆ. ಅತಿಯಾಗಿ ಕಾಯಿಸಿದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಬ್ಯಾಟರಿ ಸಿಡಿದು ಹಲ್ಲು ದವಡೆಗಳು ಮುರಿದ ಪ್ರಸಂಗಗಳೂ ವಿದೇಶಗಳಲ್ಲಿ ನಡೆದಿವೆ. ಇನ್ನು ಕ್ಯಾನ್ಸರಿನ ಮಾತು. ಅದು ಹತ್ತಾರು ವರ್ಷಗಳಲ್ಲಿ ಬೆಳೆಯುವ ರೋಗ; ಈ ಸಾಧನವಾದರೋ ನಿನ್ನೆ ಮೊನ್ನೆಯದು. ಕೇಡಿಗೆ ಇನ್ನೂ ಪೂರ್ಣ ಸಾಕ್ಷ್ಯ ಸಿಕ್ಕಿಲ್ಲವೆಂಬುದು ನಿರಪಾಯಕ್ಕೆ ಸಾಕ್ಷ್ಯವಾಗಲಾರದು.

ಅಕ್ಬರನ ಆಸ್ಥಾನದ ವೈದ್ಯನು ಹೇಳಿದ್ದೂ ಇದನ್ನೇ ಅಲ್ಲವೆ? ಅಂದು ಅವನ ಮಾತನ್ನು ಯಾರೂ ಕೇಳಲಿಲ್ಲ. ಈ ಬಾರಿಯಾದರೂ ನಮ್ಮ ಸರಕಾರಗಳು ಕೇಳಿವೆ. ಕರ್ನಾಟಕವು 2016ರಲ್ಲಿ ಇ-ಸಿಗರೇಟನ್ನು ನಿಷೇಧಿಸಿತು. ಕೇಂದ್ರ ಸರಕಾರವು 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆಯಿಂದಲೂ ಅದೇ ವರ್ಷದ ಡಿಸೆಂಬರಿನಲ್ಲಿ ಕಾನೂನಿನಿಂದಲೂ ಇಡೀ ದೇಶದಲ್ಲಿ ಅದರ ತಯಾರಿಕೆ ಮಾರಾಟಗಳನ್ನು ನಿಲ್ಲಿಸಿತು. 2025ರಲ್ಲಿ ಕರ್ನಾಟಕವು ತಂಬಾಕು ಕೊಳ್ಳುವ ವಯೋಮಿತಿಯನ್ನು 18ರಿಂದ 21ಕ್ಕೆ ಏರಿಸಿತು. ಕಾನೂನು ಇದ್ದರೂ ಕಳ್ಳದಾರಿಯಲ್ಲಿ ಆ ಸಾಧನ ಬರುತ್ತಲೇ ಇದೆ. ಲೇಖನಿಯಂತೆ ಕಾಣುವ ಅದನ್ನು ಹುಡುಗನ ಚೀಲದಲ್ಲಿ ಕಂಡರೂ ಎಷ್ಟೋ ತಂದೆತಾಯಿಗಳಿಗೆ ಅದರ ಗುರುತು ಸಿಕ್ಕುವುದಿಲ್ಲ.

ಇನ್ನೂ ಸಮಯವಿದೆ

ಇಷ್ಟೆಲ್ಲ ಹೇಳಿದ್ದು ಭಯಪಡಿಸಲಿಕ್ಕಲ್ಲ. ಶರೀರದ ಒಳಗಿನ ಬೇರೆ ಅಂಗಗಳಂತೆ ಬಾಯಿ ಕಣ್ಣಿಗೆ ಮರೆಯಾದುದಲ್ಲ. ಕನ್ನಡಿಯೂ ಬೆಳಕೂ ಇದ್ದರೆ ಯಾರೂ ನೋಡಿಕೊಳ್ಳಬಹುದು. ಕೇರಳದ ಎರ್ನಾಕುಲಂ, ಆಂಧ್ರದ ಶ್ರೀಕಾಕುಳಂ, ಗುಜರಾತಿನ ಭಾವನಗರ ಜಿಲ್ಲೆಗಳ 36,000 ತಂಬಾಕು ಬಳಕೆದಾರರಿಗೆ ಮನೆಮನೆಗೆ ಹೋಗಿ ತಿಳಿಹೇಳಿದ ಪ್ರಯೋಗದ ಫಲ 1986ರಲ್ಲಿ ಪ್ರಕಟವಾಯಿತು. ಎಷ್ಟೋ ಜನ ಚಟ ಬಿಟ್ಟರು. ಹೊಸ ಬಿಳಿ ಮಚ್ಚೆಗಳು ಕಡಿಮೆಯಾದವು. ತಿರುವನಂತಪುರದಲ್ಲಿ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಬರಿಗಣ್ಣಿನಿಂದ ಬಾಯಿ ಪರೀಕ್ಷಿಸಿದ ಪ್ರಯೋಗದ ಫಲ 2005ರಲ್ಲಿ ಹೊರಬಂದಿತು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ನೂರಕ್ಕೆ ಸುಮಾರು 34ರಷ್ಟು ತಗ್ಗಿತ್ತು. ಇದಕ್ಕೆ ದೊಡ್ಡ ಯಂತ್ರ ಬೇಕಾಗಲಿಲ್ಲ. ತಿಳಿಹೇಳುವ ನಾಲಗೆ, ನೋಡುವ ಕಣ್ಣು ಸಾಕಾದವು.

ಎರಡು ವಾರಗಳಲ್ಲಿ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಉದ್ದಕ್ಕೆ ಜೋಡಿಸಿ ಒಳಗಿಡಲು ಬಾರದಷ್ಟು ಬಿಗಿದ ಬಾಯಿ: ಈ ಮೂರರಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಬಳ್ಳಾರಿಯಲ್ಲಿಯೇ ಸರಕಾರಿ ವೈದ್ಯಕೀಯ ವಿದ್ಯಾಲಯವೂ ಸರಕಾರಿ ದಂತವೈದ್ಯ ಮಹಾವಿದ್ಯಾಲಯವೂ ಇವೆ. ಚಟ ಬಿಟ್ಟವನ ವಸಡು ಕಾಲಕ್ರಮದಲ್ಲಿ ಚೇತರಿಸಿಕೊಳ್ಳುತ್ತದೆ; ಬಿಳಿಯ ಮಚ್ಚೆಯೂ ಅನೇಕರಲ್ಲಿ ತಾನಾಗಿಯೇ ಅಳಿಸಿಹೋಗುತ್ತದೆ. ಬಿಟ್ಟ ಮೊದಲಲ್ಲಿ ವಸಡಿನಿಂದ ಸ್ವಲ್ಪ ರಕ್ತ ಬಂದರೆ ಗಾಬರಿಯಾಗಬೇಕಿಲ್ಲ. ಅದು ಮುಚ್ಚಿಹೋಗಿದ್ದ ಎಚ್ಚರಿಕೆ ಮತ್ತೆ ಕೇಳಿಸತೊಡಗಿದ ಗುರುತು.

ಮಠದ ನೆರಳಿನಲ್ಲಿ ಓದಿ, ಇಂದು ಶಿಕ್ಷಕರಾಗಿ, ವ್ಯಾಪಾರಿಗಳಾಗಿ, ಕಾರಖಾನೆಯ ಯಜಮಾನರಾಗಿ ನಾಡಿನ ಮೂಲೆಮೂಲೆಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ವಿನಂತಿ. ಮದುವೆ, ಗೃಹಪ್ರವೇಶ, ಜಾತ್ರೆಗಳಲ್ಲಿ ತಾಂಬೂಲದ ತಟ್ಟೆ ಬರಲಿ. ಎಲೆಯಡಿಕೆಯನ್ನು ಕೈಗೆ ಕೊಟ್ಟು ಗೌರವಿಸುವುದು ನಮ್ಮ ಹಿರಿಯರ ನಡೆ. ಕೊಟ್ಟುದನ್ನು ಮೆಲ್ಲಲೇಬೇಕೆಂಬ ಕಟ್ಟಳೆ ಯಾವುದೂ ಇಲ್ಲ. ಆದರೆ ಆ ತಟ್ಟೆಯ ಮೇಲೆ ಹೊಗೆಸೊಪ್ಪಿನ ಡಬ್ಬಿಯನ್ನಾಗಲಿ, ಬೀಡಿ ಸಿಗರೇಟಿನ ಕಟ್ಟನ್ನಾಗಲಿ, ಚೀಟಿಯನ್ನಾಗಲಿ ಇಡದಿರಿ. ನಿಮ್ಮ ಕೈಕೆಳಗೆ ದುಡಿಯುವವರ ಬಾಯನ್ನು ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪರೀಕ್ಷೆ ಮಾಡಿಸಿರಿ. ನಾಲ್ಕು ನೂರು ವರ್ಷಗಳ ಹಿಂದೆ ವಿಜಾಪುರದ ಅರಸನು ಕೊಟ್ಟ ಸಂಚಿಯಲ್ಲಿ ಹೊಗೆಸೊಪ್ಪು ತುಂಬಿದವನು ಒಬ್ಬ ರಾಯಭಾರಿ. ಅದನ್ನು ಆ ಸಂಚಿಯಿಂದ ತೆಗೆದುಹಾಕುವ ಕೆಲಸ ಇಂದು ಪ್ರತಿಯೊಂದು ಮನೆಯ ಯಜಮಾನ ಯಜಮಾನಿಯರ ಕೈಯಲ್ಲಿದೆ.